ಆಂಟಿಬಾಡಿಯ ಇನ್ನೊಂದು ತುದಿ

ಲ್ಯಾಬಿಗೆ ಹೊಸದಾಗಿ ಬರುವ ವಿದ್ಯಾರ್ಥಿಗಳು ಯಾವ ಆಂಟಿಬಾಡಿ ಕೈಗೆತ್ತಿಕೊಂಡರೂ ಮೊದಲು ಕೇಳುವುದು, "ಇದು ಯಾವುದಕ್ಕೆ ಅಂಟುತ್ತದೆ?" ಎಂದು. ಅದು ಅರ್ಧ ಪ್ರಶ್ನೆ ಅಷ್ಟೇ. ಆಂಟಿಬಾಡಿ ಇಂಗ್ಲಿಷಿನ ವೈ (Y) ಆಕಾರದ ಪ್ರೋಟೀನ್. ಅದರ ಎರಡು ತೋಳುಗಳು ವೈರಸ್ಸನ್ನೋ ಕ್ಯಾನ್ಸರ್ ಕೋಶವನ್ನೋ ಹಿಡಿಯುತ್ತವೆ, ಸರಿ. ಕೆಳಗಿನ ಕಾಂಡವನ್ನು ಯಾರು ಹಿಡಿಯುತ್ತಾರೆ? ಆ ಭಾಗಕ್ಕೆ ಎಫ್‌ಸಿ ಎಂದು ಹೆಸರು. ಅದನ್ನು ಹಿಡಿಯುವ ರಿಸೆಪ್ಟರ್‌ಗಳು, ಅಂದರೆ ಹಿಡಿಕೆಯಂಥ ಪ್ರೋಟೀನ್‌ಗಳು, ನಮ್ಮ ರೋಗನಿರೋಧಕ ಕೋಶಗಳ ಮೇಲಿವೆ. ಮಾನೊಸೈಟ್ ಎಂಬ ಬಿಳಿ ರಕ್ತಕೋಶದ ಮೇಲಿನ ಸಿಡಿ64 ಎಂಬ ರಿಸೆಪ್ಟರ್ ಒಂಟಿ ಐಜಿಜಿಯನ್ನೂ (ರಕ್ತದಲ್ಲಿ ಹೆಚ್ಚಾಗಿರುವ ಬಗೆಯ ಆಂಟಿಬಾಡಿ) ಗಟ್ಟಿಯಾಗಿ ಹಿಡಿಯುತ್ತದೆ. ಸಿಡಿ32 ಮತ್ತು ಸಿಡಿ16 ಎಂಬ ರಿಸೆಪ್ಟರ್‌ಗಳ ಹಿಡಿತ ಸಡಿಲ. ಆಂಟಿಬಾಡಿಗಳು ಗುಂಪಾಗಿ ಅಂಟಿಕೊಂಡಾಗಲೇ ಅವು ಚುರುಕಾಗುವುದು. ಸಿಡಿ32ರ ಒಂದು ಬಗೆಯಾದ ಸಿಡಿ32ಬಿಯ ಕೆಲಸ ಮಾತ್ರ ಉಲ್ಟಾ, ಅದು ಕೋಶವನ್ನು ತಡೆಯುತ್ತದೆ.

ಬಣ್ಣ ಹಚ್ಚಿದ ಆಂಟಿಬಾಡಿಗಳಿಂದ ಕೋಶದ ಪ್ರೋಟೀನ್‌ಗಳನ್ನು ಅಳೆಯುವ ಫ್ಲೋ ಸೈಟೊಮೆಟ್ರಿ ಮಾಡುವವರಿಗೆ ಇದರಿಂದ ತಲೆನೋವು ಜಾಸ್ತಿ. ಬಣ್ಣ ಹಚ್ಚಿದ ಆಂಟಿಬಾಡಿಯನ್ನು ಮಾನೊಸೈಟ್ ಕಾಂಡದಿಂದಲೇ ಹಿಡಿದುಬಿಟ್ಟರೆ, ಇಲ್ಲದ ಪ್ರೋಟೀನ್ ಇದೆ ಎಂದು ಕಾಣುತ್ತದೆ. ಅದಕ್ಕೇ ಮೊದಲು ಈ ರಿಸೆಪ್ಟರ್‌ಗಳನ್ನು ಮುಚ್ಚುವ ಎಫ್‌ಸಿ ಬ್ಲಾಕ್ ಹಾಕಬೇಕು. ಇಲಿಯ ಕೋಶಗಳಿಗೆ 2.4ಜಿ2 ಎಂಬ ಕ್ಲೋನಿನ ಆಂಟಿಬಾಡಿ ಬಳಸುವುದು ರೂಢಿ. ಅದು ಸಿಡಿ16 ಮತ್ತು ಸಿಡಿ32ಕ್ಕೇ ಅಂಟುತ್ತದೆ. ನೀವು ಅಳೆಯಹೊರಟಿರುವುದು ಸಿಡಿ16 ಆಗಿದ್ದರೆ ಏನಾಗುತ್ತದೆ, ಯೋಚಿಸಿ!

ನನಗೆ ತುಂಬಾ ಇಷ್ಟವಾದ ರಿಸೆಪ್ಟರ್ ಎನ್‌ಕೆ (ನ್ಯಾಚುರಲ್ ಕಿಲ್ಲರ್) ಎಂಬ ರೋಗನಿರೋಧಕ ಕೋಶದ ಮೇಲಿರುವ ಸಿಡಿ16ಎ. 1997ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ರಿಟುಕ್ಸಿಮ್ಯಾಬ್ ಎಂಬ ಆಂಟಿಬಾಡಿ ಔಷಧಿ ಲಿಂಫೋಮಾ (ಒಂದು ಬಗೆಯ ರಕ್ತದ ಕ್ಯಾನ್ಸರ್) ಕೋಶದ ಸಿಡಿ20 ಎಂಬ ಪ್ರೋಟೀನಿಗೆ ಅಂಟುತ್ತದೆ. ಅದರ ಕಾಂಡವನ್ನು ಎನ್‌ಕೆ ಕೋಶ ಸಿಡಿ16ಎಯಿಂದ ಹಿಡಿದು, ಎದುರಿನ ಕೋಶವನ್ನು ಕೊಲ್ಲುತ್ತದೆ. ಈ ಹಿಡಿತ ಎಲ್ಲರಲ್ಲೂ ಒಂದೇ ಸಮ ಇಲ್ಲ. ರಿಸೆಪ್ಟರಿನ 158ನೇ ಜಾಗದಲ್ಲಿ ಕೆಲವರಿಗೆ ವ್ಯಾಲೀನ್ ಎಂಬ ಅಮೈನೊ ಆಮ್ಲ, ಕೆಲವರಿಗೆ ಫಿನೈಲ್‌ಅಲನೀನ್, ಇನ್ನು ಕೆಲವರಿಗೆ ತಂದೆ-ತಾಯಿಯಿಂದ ಒಂದೊಂದು ಬಂದು ಎರಡೂ. ವ್ಯಾಲೀನ್ ಇದ್ದರೆ ಹಿಡಿತ ಬಿಗಿ. ರಿಟುಕ್ಸಿಮ್ಯಾಬ್ ಒಂದನ್ನೇ ಪಡೆದ ಫಾಲಿಕ್ಯುಲರ್ ಲಿಂಫೋಮಾ ರೋಗಿಗಳಲ್ಲಿ, ವ್ಯಾಲೀನ್ ಮಾತ್ರ ಇದ್ದವರಿಗೆ ಔಷಧಿ ಚೆನ್ನಾಗಿ ಒಗ್ಗಿತು ಎಂದು 2002ರಲ್ಲಿ ಫ್ರಾನ್ಸ್‌ನ ಸಂಶೋಧಕರು ತೋರಿಸಿದರು. ಕೀಮೋ ಜೊತೆ ಕೊಟ್ಟಾಗ ಈ ವ್ಯತ್ಯಾಸ ಎಲ್ಲ ಅಧ್ಯಯನಗಳಲ್ಲೂ ಕಾಣಲಿಲ್ಲ. ಹಾಗಾಗಿ ಇದೊಂದನ್ನೇ ನೋಡಿ ಚಿಕಿತ್ಸೆ ನಿರ್ಧರಿಸುವುದು ಸರಿಯಲ್ಲ.

ಕಾಂಡದ ಕಡೆಯಿಂದಲೂ ಹಿಡಿತ ಬದಲಾಗುತ್ತದೆ. ಅಲ್ಲಿ 297ನೇ ಜಾಗದಲ್ಲಿ ಒಂದು ಸಕ್ಕರೆ ಸರಪಳಿ ಇದೆ. ಅದರಿಂದ ಫ್ಯೂಕೋಸ್ ಎಂಬ ಒಂದೇ ಒಂದು ಸಕ್ಕರೆ ತೆಗೆದರೆ ಸಿಡಿ16ಎ ಎಷ್ಟೋ ಪಟ್ಟು ಬಿಗಿಯಾಗಿ ಹಿಡಿಯುತ್ತದೆ. 2013ರಲ್ಲಿ ಬಂದ ಒಬಿನುಟುಜುಮ್ಯಾಬ್ ಎಂಬ ಆಂಟಿಬಾಡಿ ಔಷಧಿಯಲ್ಲಿ ಫ್ಯೂಕೋಸ್ ಕಡಿಮೆ ಮಾಡಿದ್ದು ಇದೇ ಉದ್ದೇಶಕ್ಕೆ.

ಈ ವಿಷಯ ನಮ್ಮ ಬೆಂಗಳೂರಿಗೂ ಹತ್ತಿರದ್ದು. ಇಲ್ಲಿನ ಬಯೋಕಾನ್ ಕಂಪನಿ ಮೈಲಾನ್ ಕಂಪನಿಯೊಂದಿಗೆ ಸೇರಿ ತಯಾರಿಸಿದ, ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ರಾಸ್ಟುಜುಮ್ಯಾಬ್ ಆಂಟಿಬಾಡಿಯ ಬಯೋಸಿಮಿಲರ್‌ಗೆ (ಮೂಲ ಔಷಧಿಯನ್ನು ಹೋಲುವ ಔಷಧಿ) 2017ರಲ್ಲಿ ಅಮೆರಿಕದ ಅನುಮತಿ ಸಿಕ್ಕಿತು. ಇಂಥ ಔಷಧಿ ಕ್ಯಾನ್ಸರ್ ಕೋಶದ ಎಚ್‌ಇಆರ್2 ಎಂಬ ಪ್ರೋಟೀನಿಗೆ ಅಂಟಿದರಷ್ಟೇ ಸಾಲದು. ಎಫ್‌ಸಿ ರಿಸೆಪ್ಟರ್‌ಗಳಿಗೂ ಮೂಲ ಔಷಧಿಯಂತೆಯೇ ಅಂಟಬೇಕು, ಕೋಶವನ್ನು ಅದೇ ರೀತಿ ಕೊಲ್ಲಿಸಬೇಕು. ಈ ಕೊಲ್ಲುವ ಪರೀಕ್ಷೆಗೆ ದಾನಿಗಳ ರಕ್ತದ ಎನ್‌ಕೆ ಕೋಶ ಬಳಸಿದರೆ ಫಲಿತಾಂಶ ದಾನಿಯಿಂದ ದಾನಿಗೆ ಏರುಪೇರಾಗುತ್ತದೆ. ಅದಕ್ಕೇ ಹಲವು ಲ್ಯಾಬುಗಳು ವ್ಯಾಲೀನ್ ಇರುವ ಸಿಡಿ16ಎ ಸೇರಿಸಿದ ಜುರ್ಕಟ್ ಎಂಬ, ಲ್ಯಾಬಿನಲ್ಲಿ ಬೆಳೆಸುವ ಕೋಶಗಳನ್ನು ಬಳಸುತ್ತವೆ. ಅವು ಕೊಲ್ಲುವುದಿಲ್ಲ, ರಿಸೆಪ್ಟರ್ ಚುರುಕಾದಷ್ಟು ಬೆಳಕು ಕೊಡುತ್ತವೆ. ನಿಮಗೆ ಎನ್‌ಕೆ ಕೋಶವೇ ಬೇಕೆಂದರೆ, ದಾನಿಯ 158ನೇ ಜಾಗದಲ್ಲಿ ಏನಿದೆ ಎಂದು ಪ್ರಯೋಗಕ್ಕೆ ಮೊದಲೇ ಪರೀಕ್ಷಿಸಿ ಬರೆದಿಟ್ಟುಕೊಳ್ಳಿ.