ವಿಂತ್ರಾಪ್ ಮನೆತನ: ಒಂದು ವಂಶಾವಳಿ ಬೆಳೆದುಬಂದ ಬಗೆ

ಜಾನ್ ಕೆರಿ 2004ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದಾಗ, ತಾಯಿಯ ಕಡೆಯಿಂದ ಅವರು ಹದಿನೇಳನೆಯ ಶತಮಾನದ ಮ್ಯಾಸಚೂಸೆಟ್ಸ್ ವಸಾಹತಿನ ಗವರ್ನರ್ ಜಾನ್ ವಿಂತ್ರಾಪ್‌ನ ವಂಶಕ್ಕೆ ಸೇರಿದವರೆಂಬ ಮಾತು ಅವರ ಪರಿಚಯದ ಜೊತೆಜೊತೆಗೇ ಕೇಳಿಬರುತ್ತಿತ್ತು. ಅದಾಗಿ ಇಪ್ಪತ್ತು ವರ್ಷ ತುಂಬುವ ಮೊದಲೇ, 2023ರಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ವಸತಿಗೃಹವೊಂದಕ್ಕಿರುವ ವಿಂತ್ರಾಪ್ ಎಂಬ ಹೆಸರನ್ನು ತೆಗೆಯಬೇಕೆಂದು ಕೋರಿಕೆ ಸಲ್ಲಿಸಿದರು. ಒಂದೇ ಹೆಸರು ಒಂದು ಕಡೆ ಗೌರವದ ಗುರುತಾಗಿಯೂ ಇನ್ನೊಂದು ಕಡೆ ಆಕ್ಷೇಪದ ಕಾರಣವಾಗಿಯೂ ನಿಂತದ್ದು ಹೇಗೆಂದು ತಿಳಿಯಲು, ಈ ವಂಶದ ಪಟ್ಟಿಯನ್ನು ಯಾರು, ಯಾವಾಗ, ಯಾವ ಕಾಗದಗಳನ್ನು ಮುಂದಿಟ್ಟುಕೊಂಡು ಬರೆದರು ಎಂಬುದನ್ನು ನೋಡಬೇಕಾಗುತ್ತದೆ.

ಜಾನ್ ವಿಂತ್ರಾಪ್ 1588ರಲ್ಲಿ ಇಂಗ್ಲೆಂಡಿನ ಸಫೋಕ್ ಸೀಮೆಯಲ್ಲಿ ಹುಟ್ಟಿದವನು. ಬಟ್ಟೆ ವ್ಯಾಪಾರದಿಂದ ಸಿರಿವಂತನಾಗಿದ್ದ ಅವನ ಅಜ್ಜ, ರಾಜನು ಮಠಗಳ ಆಸ್ತಿಯನ್ನು ವಶಪಡಿಸಿಕೊಂಡ ಕಾಲದಲ್ಲಿ, 1544ರಲ್ಲಿ, ಗ್ರಾಟನ್ ಎಂಬಲ್ಲಿನ ಜಮೀನನ್ನು ಕೊಂಡಿದ್ದನು. ವಕೀಲನೂ, ಇಂಗ್ಲೆಂಡಿನ ಚರ್ಚನ್ನು ಶುದ್ಧಗೊಳಿಸಬೇಕೆನ್ನುವ ಪ್ಯೂರಿಟನ್ ಪಂಥದ ನಿಷ್ಠಾವಂತನೂ ಆಗಿದ್ದ ಮೊಮ್ಮಗ 1630ರಲ್ಲಿ ಆರ್ಬೆಲ್ಲಾ ಹಡಗನ್ನೇರಿ ಅಮೆರಿಕಕ್ಕೆ ಬಂದು, ವಸಾಹತಿನ ಮೊದಲ ಇಪ್ಪತ್ತು ವರ್ಷಗಳಲ್ಲಿ ಹನ್ನೆರಡು ವರ್ಷ ಗವರ್ನರ್ ಆಗಿದ್ದು, 1649ರಲ್ಲಿ ಬಾಸ್ಟನ್ನಿನಲ್ಲಿ ತೀರಿಕೊಂಡನು. ನಾಲ್ಕು ಬಾರಿ ಮದುವೆಯಾಗಿದ್ದ ಅವನ ಮಕ್ಕಳಲ್ಲಿ ಅನೇಕರು ಎಳವೆಯಲ್ಲಿಯೇ ಸತ್ತರು. ಉಳಿದವರು ಅಟ್ಲಾಂಟಿಕ್ ಸಾಗರದ ಎರಡೂ ದಡಗಳಲ್ಲಿ ಚದುರಿಹೋದರು.

ಹಿರಿಯ ಮಗ ಕಿರಿಯ ಜಾನ್ ವಿಂತ್ರಾಪ್ ಕನೆಕ್ಟಿಕಟ್ ವಸಾಹತಿನ ಗವರ್ನರ್ ಆಗಿ, 1662ರಲ್ಲಿ ಎರಡನೆಯ ಚಾರ್ಲ್ಸ್ ದೊರೆಯಿಂದ ಅದಕ್ಕೆ ಸನದು ತಂದನು. ಲಂಡನ್ನಿನ ವಿಜ್ಞಾನ ಸಂಸ್ಥೆಯಾದ ರಾಯಲ್ ಸೊಸೈಟಿಯ ಸದಸ್ಯನಾದ ಮೊದಲ ಅಮೆರಿಕ ನಿವಾಸಿಯೂ ಅವನೇ. ಅವನ ಇಬ್ಬರು ಗಂಡುಮಕ್ಕಳಲ್ಲಿ ಫಿಟ್ಜ್-ಜಾನ್ ಕನೆಕ್ಟಿಕಟ್‌ಗೇ ಗವರ್ನರ್ ಆದರೆ, ವೇಟ್ ಸ್ಟಿಲ್ 1692ರಲ್ಲಿ ಸೇಲಂನ ಮಾಟಗಾತಿ ವಿಚಾರಣೆ ನಡೆಸಿದ ನ್ಯಾಯಾಧೀಶರ ಪೈಕಿ ಒಬ್ಬನಾದನು. ಗವರ್ನರನ ಇನ್ನೊಬ್ಬ ಮಗ ಸ್ಟೀಫನ್ ಇಂಗ್ಲೆಂಡಿಗೆ ಮರಳಿ, ದೊರೆಯ ವಿರುದ್ಧ ಹೋರಾಡಿದ ಕ್ರಾಮ್‌ವೆಲ್‌ನ ಸೇನೆ ಸೇರಿದನು. ಮತ್ತೊಬ್ಬ ಮಗ ಸ್ಯಾಮ್ಯುಯೆಲ್ ಕೆರಿಬಿಯನ್ ಸಮುದ್ರದ ಆಂಟಿಗುವಾ ದ್ವೀಪದಲ್ಲಿ ಗುಲಾಮರ ದುಡಿಮೆಯಿಂದ ನಡೆಯುವ ಕಬ್ಬಿನ ತೋಟ ಮಾಡಿ, ಸಫೋಕ್‌ನ ಪಿತ್ರಾರ್ಜಿತ ಜಮೀನಿನ ನೆನಪಿಗೆ ಅದಕ್ಕೆ ಗ್ರಾಟನ್ ಹಾಲ್ ಎಂದು ಹೆಸರಿಟ್ಟನು. ಮನೆತನದ ಕೀರ್ತಿಯನ್ನು ಬಣ್ಣಿಸುವ ಬರಹಗಳಲ್ಲಿ ಕನೆಕ್ಟಿಕಟ್‌ನ ಸನದಿಗೆ ಪುಟಗಟ್ಟಲೆ ಜಾಗ ದೊರೆತರೆ, ಆಂಟಿಗುವಾದ ತೋಟಕ್ಕೆ ಸಾಮಾನ್ಯವಾಗಿ ಒಂದು ಸಾಲು ದೊರೆಯುತ್ತದೆ.

ಇನ್ನು ವಂಶಜರಲ್ಲದವರೂ ವಂಶಜರೆಂದು ಎಣಿಕೆಯಾಗುವ ಗೊಂದಲವಿದೆ. ಲಂಡನ್ನಿನ ಡೌನಿಂಗ್ ಸ್ಟ್ರೀಟ್‌ಗೆ ಹೆಸರು ಕೊಟ್ಟ ಜಾರ್ಜ್ ಡೌನಿಂಗ್, ಗವರ್ನರನ ತಂಗಿ ಲೂಸಿಯ ಮಗ; ಅಂದರೆ ಸೋದರಳಿಯನೇ ಹೊರತು ಸಂತತಿಯಲ್ಲ. ಇದಕ್ಕಿಂತ ಸಿಕ್ಕಾದದ್ದು ಎಲಿಜಬೆತ್ ಫೋನ್ಸ್‌ಳ ಸಂಗತಿ. ಗವರ್ನರನ ಸೋದರಿಯ ಮಗಳಾದ ಅವಳು 1629ರಲ್ಲಿ ಅವನ ಮಗ ಹೆನ್ರಿಯನ್ನು ಮದುವೆಯಾದಳು. ಸೋದರ ಸೊಸೆ ಮನೆಯ ಸೊಸೆಯೇ ಆಗುವುದು ನಮ್ಮ ಕಡೆ ಹೊಸತಲ್ಲ. ಆದರೆ ಅಲ್ಲಿ ಆ ಮದುವೆ ಹಿರಿಯರಿಗೆ ಇರಿಸುಮುರಿಸು ತಂದಿತ್ತು. ಹೆನ್ರಿ 1630ರ ಜುಲೈಯಲ್ಲಿ ಸೇಲಂಗೆ ಬಂದಿಳಿದ ಮರುದಿನವೇ ನೀರಿನಲ್ಲಿ ಮುಳುಗಿ ಸತ್ತನು. ಅವನಿಂದ ಎಲಿಜಬೆತ್‌ಗೆ ಹುಟ್ಟಿದ್ದು ಒಬ್ಬಳೇ ಮಗಳು. ಆ ಮಗಳ ಸಂತತಿ ಮಾತ್ರ ಗವರ್ನರನ ಸಂತತಿ. ಎಲಿಜಬೆತ್ ಮುಂದೆ ರಾಬರ್ಟ್ ಫೀಕ್ ಹಾಗೂ ವಿಲಿಯಂ ಹ್ಯಾಲೆಟ್‌ರಿಂದ ಪಡೆದ ಮಕ್ಕಳ ಪೀಳಿಗೆಯವರು ಗವರ್ನರನ ಸೋದರಿಯ ವಂಶಕ್ಕೆ ಸೇರುತ್ತಾರೆ. ಈ ಒಂದು ಮದುವೆಯನ್ನು ಸರಿಯಾಗಿ ಬಿಡಿಸಿಕೊಳ್ಳದೆ ತಮ್ಮನ್ನು ಗವರ್ನರನ ಕುಡಿಗಳೆಂದು ನಂಬುವುದು ಸುಲಭ.

ಇದಕ್ಕೆ ಪ್ರತಿಯಾಗಿ, ನಿಜವಾದ ವಂಶಜರು ಕಣ್ಮರೆಯಾಗುವುದೂ ಉಂಟು. ಗವರ್ನರನ ಮಗಳು ಮೇರಿ, ಅದೇ ವಸಾಹತಿನ ಇನ್ನೊಬ್ಬ ಗವರ್ನರ್ ಥಾಮಸ್ ಡಡ್ಲಿಯ ಮಗ ಸ್ಯಾಮ್ಯುಯೆಲ್‌ನನ್ನು ಮದುವೆಯಾದಳು. ಅವಳ ಮಕ್ಕಳು ಡಡ್ಲಿ ಹೆಸರಿನಲ್ಲಿ ಬೆಳೆದುದರಿಂದ, ವಿಂತ್ರಾಪ್ ಪಟ್ಟಿಯಲ್ಲಿ ಅವರನ್ನು ಹುಡುಕುವವರು ಕಡಿಮೆ. ಅಡ್ಡಹೆಸರು ಗಂಡುಮಕ್ಕಳ ಬೆನ್ನಿಗೆ ಹೋಗುವ ಪದ್ಧತಿಯಲ್ಲಿ ವಂಶಾವಳಿಯೂ ಅದೇ ದಾರಿ ಹಿಡಿಯುತ್ತದೆ; ಹೆಣ್ಣುಮಕ್ಕಳ ಮೂಲಕ ಹರಿದ ಬಹುಪಾಲು ಸಂತತಿ ಪಟ್ಟಿಯ ಹೊರಗೇ ಉಳಿಯುತ್ತದೆ.

ಈ ವಂಶಾವಳಿ ಇಂದಿನ ರೂಪ ಪಡೆದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದಕ್ಕೆ ಬೇಕಾದ ಸಾಮಗ್ರಿ ಮನೆತನದ ಬಳಿಯೇ ಇತ್ತೆಂಬುದು ಮುಖ್ಯವಾದ ಮಾತು. ಗವರ್ನರ್ ವಿಂತ್ರಾಪ್ ವಸಾಹತಿನ ದಿನಚರಿಯನ್ನು ಮೂರು ನೋಟುಪುಸ್ತಕಗಳಲ್ಲಿ ಬರೆದಿಟ್ಟಿದ್ದನು. ಮೊದಲೆರಡು 1790ರಲ್ಲಿ ಅಚ್ಚಾದವು. ಮೂರನೆಯದು 1816ರಲ್ಲಿ ಬಾಸ್ಟನ್ನಿನ ಓಲ್ಡ್ ಸೌತ್ ಪ್ರಾರ್ಥನಾ ಮಂದಿರದ ಗೋಪುರದಲ್ಲಿ ಸಿಕ್ಕಿತು. ಅವನ್ನೆಲ್ಲ ಸಂಪಾದಿಸುತ್ತಿದ್ದ ಜೇಮ್ಸ್ ಸ್ಯಾವೇಜ್‌ನ ಕಚೇರಿಗೆ 1825ರಲ್ಲಿ ಬೆಂಕಿ ಬಿದ್ದು ಎರಡನೆಯ ನೋಟುಪುಸ್ತಕ ಸುಟ್ಟುಹೋಯಿತು. ಬೆಟ್ಟದ ಮೇಲಿನ ಪಟ್ಟಣದಂತೆ ನಾವಿರುತ್ತೇವೆ, ಎಲ್ಲರ ಕಣ್ಣೂ ನಮ್ಮ ಮೇಲಿರುತ್ತದೆ ಎಂಬ ಪ್ರಸಿದ್ಧ ಮಾತುಗಳಿರುವ ಗವರ್ನರನ ಉಪದೇಶದ ಹಸ್ತಪ್ರತಿಯನ್ನು ಫ್ರಾನ್ಸಿಸ್ ಬೇಯಾರ್ಡ್ ವಿಂತ್ರಾಪ್ ಎಂಬ ವಂಶಜ 1809ರಲ್ಲಿ ನ್ಯೂಯಾರ್ಕಿನ ಇತಿಹಾಸ ಸಂಸ್ಥೆಗೆ ಕೊಟ್ಟನು. ಅದು ಮೊದಲ ಬಾರಿಗೆ ಅಚ್ಚಾದದ್ದು 1838ರಲ್ಲಿ. ಅಂದರೆ, ಇಂದು ಅಮೆರಿಕದ ಸ್ಥಾಪನಾ ವಾಕ್ಯವೆಂಬಂತೆ ಉದ್ಧರಿಸಲ್ಪಡುವ ಆ ಮಾತು ಎರಡು ಶತಮಾನಗಳ ಕಾಲ ಅಚ್ಚಿನ ಮುಖವನ್ನೇ ಕಂಡಿರಲಿಲ್ಲ.

ಈ ಹಂತದಲ್ಲಿ ಬರುವವನು ರಾಬರ್ಟ್ ಚಾರ್ಲ್ಸ್ ವಿಂತ್ರಾಪ್. 1809ರಲ್ಲಿ ಹುಟ್ಟಿದ ಅವನು ಮೂವತ್ತೆಂಟನೆಯ ವಯಸ್ಸಿನಲ್ಲಿಯೇ, 1847ರಲ್ಲಿ, ಅಮೆರಿಕದ ಪ್ರತಿನಿಧಿ ಸಭೆಯ ಸ್ಪೀಕರ್ ಆದನು. ಗುಲಾಮಗಿರಿ ಹೊಸ ಪ್ರದೇಶಗಳಿಗೆ ಹಬ್ಬುವುದನ್ನು ಅವನು ಒಪ್ಪುತ್ತಿರಲಿಲ್ಲ. ಆದರೆ ಆ ಕಾರಣಕ್ಕೆ ಒಕ್ಕೂಟ ಒಡೆಯುವುದನ್ನಂತೂ ಬಯಸುತ್ತಿರಲಿಲ್ಲ. 1846ರಲ್ಲಿ ಮೆಕ್ಸಿಕೋ ಯುದ್ಧದ ಮಸೂದೆಗೆ ಅವನು ಮತ ಹಾಕಿದಾಗ ಗುಲಾಮಗಿರಿಯ ಕಟ್ಟಾ ವಿರೋಧಿ ಚಾರ್ಲ್ಸ್ ಸಮ್ನರ್ ಅವನನ್ನು ತೀವ್ರವಾಗಿ ಖಂಡಿಸಿದನು. 1851ರಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆ, ವಿಂತ್ರಾಪ್‌ನೂ ಸ್ಪರ್ಧಿಸಿದ್ದ ಸೆನೆಟ್ ಸ್ಥಾನಕ್ಕೆ ಮತ್ತೆ ಮತ್ತೆ ಮತದಾನ ನಡೆಸಿ, ಕೊನೆಗೆ ಕೂದಲೆಳೆಯ ಅಂತರದಿಂದ ಸಮ್ನರ್‌ನನ್ನೇ ಆರಿಸಿತು. ಎರಡೂ ಕಡೆಯವರನ್ನು ಒಲಿಸಿಕೊಂಡು ಹೋಗಬಹುದೆಂದು ನಂಬಿದ್ದ ಒಂದು ತಲೆಮಾರಿನ ರಾಜಕಾರಣ ಅಲ್ಲಿಗೆ ಮುಗಿಯಿತು, ಅದರೊಂದಿಗೆ ವಿಂತ್ರಾಪ್‌ನ ಅಧಿಕಾರದ ಬದುಕೂ ಮುಗಿಯಿತು.

ಮುಂದೆ ಅವನು ಪೂರ್ವಿಕರ ಕಡೆಗೆ ತಿರುಗಿದನು. 1855ರಿಂದ 1885ರವರೆಗೆ, ಮೂವತ್ತು ವರ್ಷ, ಮ್ಯಾಸಚೂಸೆಟ್ಸ್ ಇತಿಹಾಸ ಸಂಸ್ಥೆಯ ಅಧ್ಯಕ್ಷನಾಗಿದ್ದು, ಅಂತರ್ಯುದ್ಧ ನಡೆಯುತ್ತಿದ್ದ 1864ರಲ್ಲಿ ಗವರ್ನರನ ಜೀವನ ಮತ್ತು ಪತ್ರಗಳ ಮೊದಲ ಸಂಪುಟವನ್ನೂ 1867ರಲ್ಲಿ ಎರಡನೆಯದನ್ನೂ ಹೊರತಂದನು. ಹೆಂಡತಿಗೆ ಅಕ್ಕರೆಯಿಂದ ಕಾಗದ ಬರೆಯುವ ಗಂಡನಾಗಿ, ದೈವಭೀರುವಾಗಿ, ನ್ಯಾಯನಿಷ್ಠನಾಗಿ ಗವರ್ನರ್ ಓದುಗರ ಮುಂದೆ ನಿಂತದ್ದು ಈ ಸಂಪುಟಗಳಿಂದ. 1876ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯವು ವಾಷಿಂಗ್ಟನ್ನಿನ ಸಂಸತ್ ಭವನಕ್ಕೆ ಗವರ್ನರನ ಶಿಲ್ಪವನ್ನು ಕೊಟ್ಟಿತು. ಆ ಪತ್ರಗಳನ್ನು ಉಳಿಸಿಕೊಟ್ಟದ್ದಕ್ಕಾಗಿ ಮನೆತನಕ್ಕೆ ಚರಿತ್ರೆಕಾರರು ಋಣಿಗಳು, ಇದರಲ್ಲಿ ಎರಡು ಮಾತಿಲ್ಲ. ಆದರೆ ಮರಿಮಕ್ಕಳು ಬರೆದ ಹಿರಿಯರ ಚರಿತ್ರೆಯಲ್ಲಿ ಯಾವುದು ಮುಂದೆ ಬರುತ್ತದೆ, ಯಾವುದು ಹಿಂದೆ ಸರಿಯುತ್ತದೆ ಎಂಬುದನ್ನು ಓದುಗರು ತಾವೇ ತೂಗಿ ನೋಡಬೇಕು.

ಕೆರಿ ಈ ರಾಬರ್ಟ್ ಚಾರ್ಲ್ಸ್‌ನ ಶಾಖೆಗೆ ಸೇರಿದವರು. ಅವರ ತಾಯಿಯ ತಾಯಿಯ ಹೆಸರು ಮಾರ್ಗರೆಟ್ ಟಿಂಡಲ್ ವಿಂತ್ರಾಪ್. ಅದು ಗವರ್ನರನ ಮೂರನೆಯ ಹೆಂಡತಿಯ ಹೆಸರು. ಅವನ ಅಕ್ಕರೆಯ ಕಾಗದಗಳು ಹೋದದ್ದು ಆಕೆಗೇ. ಆದರೆ ಈ ಶಾಖೆ ಇಳಿದುಬಂದದ್ದು ಮೊದಲ ಹೆಂಡತಿ ಮೇರಿ ಫೋರ್ತ್‌ಳ ಮಗನಾದ ಕಿರಿಯ ಜಾನ್‌ನಿಂದ. ರಕ್ತ ಒಬ್ಬಳದು, ನೆನಪಿಗೆ ಇಟ್ಟ ಹೆಸರು ಇನ್ನೊಬ್ಬಳದು. ಗವರ್ನರನಿಂದ ಕೆರಿಯವರೆಗೆ ಎಣಿಸಿದರೆ ಹತ್ತು ತಲೆಮಾರು. ಒಬ್ಬ ಮನುಷ್ಯನಿಗೆ ಹತ್ತನೆಯ ತಲೆಮಾರಿನ ಹಿಂದೆ 1,024 ಪೂರ್ವಿಕರ ಸ್ಥಾನಗಳಿರುತ್ತವೆ. ವಿಂತ್ರಾಪ್ ಅವುಗಳಲ್ಲಿ ಒಂದು. ಕೆರಿಯವರ ತಂದೆಯ ತಂದೆ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದಲ್ಲಿ ಫ್ರಿಟ್ಜ್ ಕೋನ್ ಎಂಬ ಯಹೂದಿಯಾಗಿ ಹುಟ್ಟಿ, ಹೆಸರು ಬದಲಿಸಿಕೊಂಡು ಅಮೆರಿಕಕ್ಕೆ ಬಂದವರು ಎಂಬ ವಿವರ 2003ರ ಸುಮಾರಿಗೆ ಪತ್ರಿಕೆಯೊಂದರ ಶೋಧದಿಂದ ಬೆಳಕಿಗೆ ಬಂತು. ಮುನ್ನೂರು ವರ್ಷಗಳಾಚೆಯ ಗವರ್ನರ್ ಎಲ್ಲರಿಗೂ ಗೊತ್ತಿದ್ದು, ಸ್ವಂತ ಅಜ್ಜನ ಹುಟ್ಟುಹೆಸರು ಮರೆಯಾಗಿತ್ತು.

ಹಾರ್ವರ್ಡ್‌ನ ಪ್ರಶ್ನೆ ಇನ್ನೊಂದು ಶಾಖೆಯದು. 1931ರಲ್ಲಿ ಆರಂಭವಾದ ವಿಂತ್ರಾಪ್ ಹೌಸ್‌ಗೆ ಇಬ್ಬರು ಜಾನ್ ವಿಂತ್ರಾಪ್‌ರ ಹೆಸರಿದೆ: ಒಬ್ಬ ಗವರ್ನರ್, ಇನ್ನೊಬ್ಬ ಅವನ ಮಗ ಆ್ಯಡಮ್‌ನ ಪೀಳಿಗೆಯ ಪ್ರೊಫೆಸರ್ ಜಾನ್ ವಿಂತ್ರಾಪ್. 1738ರಿಂದ ಹಾರ್ವರ್ಡ್‌ನಲ್ಲಿ ಗಣಿತ ಮತ್ತು ಭೌತವಿಜ್ಞಾನ ಕಲಿಸಿದ ಈ ಪ್ರೊಫೆಸರ್ 1755ರ ಭೂಕಂಪಕ್ಕೆ ನೈಸರ್ಗಿಕ ಕಾರಣಗಳನ್ನು ಹುಡುಕಿದನು. 1761ರಲ್ಲಿ ಶುಕ್ರ ಗ್ರಹ ಸೂರ್ಯನ ಮುಂದೆ ಹಾದುಹೋಗುವುದನ್ನು ನೋಡಲು ನ್ಯೂಫೌಂಡ್‌ಲ್ಯಾಂಡ್‌ವರೆಗೆ ಹಡಗಿನಲ್ಲಿ ಹೋಗಿಬಂದನು. ಅಮೆರಿಕದ ಖಗೋಳವಿಜ್ಞಾನದ ಆರಂಭಿಕರಲ್ಲಿ ಅವನಿಗೆ ದೊಡ್ಡ ಸ್ಥಾನವಿದೆ. ಅವನ ಮನೆಯಲ್ಲಿ ಗುಲಾಮರೂ ಇದ್ದರು. ಹಾರ್ವರ್ಡ್‌ನ ಅಧ್ಯಕ್ಷರು, ಅಧ್ಯಾಪಕರು ಮತ್ತು ಸಿಬ್ಬಂದಿ 70ಕ್ಕೂ ಹೆಚ್ಚು ಮಂದಿಯನ್ನು ಗುಲಾಮರಾಗಿ ಇಟ್ಟುಕೊಂಡಿದ್ದರೆಂದು ವಿಶ್ವವಿದ್ಯಾಲಯವೇ 2022ರ ವರದಿಯಲ್ಲಿ ಒಪ್ಪಿಕೊಂಡ ಮೇಲೆ ಹೆಸರು ತೆಗೆಯುವ ಕೋರಿಕೆ ಬಲಗೊಂಡಿತು.

ಗವರ್ನರನ ಕಾಲದ ದಾಖಲೆಗಳು ಗುಲಾಮಗಿರಿಯ ಈ ಸಂಗತಿಯನ್ನು ಮೊದಲಿನಿಂದಲೂ ಹೇಳುತ್ತಲೇ ಇದ್ದವು. 1637ರಲ್ಲಿ ಪೆಕ್ವೋಟ್ ಎಂಬ ಮೂಲನಿವಾಸಿ ಬುಡಕಟ್ಟಿನೊಂದಿಗೆ ನಡೆದ ಯುದ್ಧದಲ್ಲಿ ಸೆರೆಸಿಕ್ಕ ಹೆಂಗಸರು, ಮಕ್ಕಳನ್ನು ವಸಾಹತಿನ ಮನೆಗಳಿಗೆ ಹಂಚಲಾಯಿತು. ಗವರ್ನರನ ಮನೆಗೂ ಕೆಲವರು ಬಂದರು. ಮರುವರ್ಷ ಡಿಸೈರ್ ಎಂಬ ಹಡಗು ಹತ್ತಿ, ತಂಬಾಕುಗಳ ಜೊತೆ ಆಫ್ರಿಕನ್ನರನ್ನೂ ಹೊತ್ತು ಬಂದುದನ್ನು ಅವನೇ ದಿನಚರಿಯಲ್ಲಿ ಬರೆದಿದ್ದಾನೆ. ನ್ಯಾಯವಾದ ಯುದ್ಧದಲ್ಲಿ ಸೆರೆಸಿಕ್ಕವರನ್ನೂ ಮಾರಾಟವಾಗಿ ಬಂದವರನ್ನೂ ಗುಲಾಮರಾಗಿ ಇಟ್ಟುಕೊಳ್ಳಲು ವಸಾಹತಿನ 1641ರ ಕಾನೂನು ಅವಕಾಶ ಕೊಟ್ಟಿತು. ಗವರ್ನರ್ ತನ್ನ ಉಯಿಲಿನ ಒಂದು ಕರಡಿನಲ್ಲಿ, ಬಾಸ್ಟನ್ ಬಂದರಿನಲ್ಲಿದ್ದ ತನ್ನ ದ್ವೀಪವನ್ನು ಮಗ ಆ್ಯಡಮ್‌ಗೆ ಬಿಡುತ್ತಾ, ಅಲ್ಲಿರುವ ತನ್ನ ಇಂಡಿಯನ್ನರನ್ನೂ, ಅಂದರೆ ಅಮೆರಿಕದ ಮೂಲನಿವಾಸಿಗಳನ್ನೂ, ಅವನಿಗೇ ಬಿಟ್ಟಿದ್ದಾನೆ. ಪ್ರೊಫೆಸರ್ ಹುಟ್ಟಿಬಂದದ್ದು ಈ ಆ್ಯಡಮ್‌ನ ವಂಶದಲ್ಲಿಯೇ.

ಆ ದ್ವೀಪವನ್ನು 1940ರ ದಶಕದಲ್ಲಿ ಸಮತಟ್ಟು ಮಾಡಿ ವಿಮಾನ ನಿಲ್ದಾಣಕ್ಕೆ ಸೇರಿಸಲಾಯಿತು. ಬಾಸ್ಟನ್ ಸುತ್ತಮುತ್ತ ಓದಲು, ದುಡಿಯಲು ಹೋಗುವ ಕನ್ನಡಿಗರು ಬಂದಿಳಿಯುವ ಲೋಗನ್ ನಿಲ್ದಾಣದ ನೆಲದಲ್ಲಿ ಅದೂ ಒಂದು ಭಾಗ. ಉಯಿಲಿನಲ್ಲಿ ಮಗನ ಹೆಸರಿದೆ, ದ್ವೀಪದ ಹೆಸರಿದೆ. ಅಲ್ಲಿದ್ದ ಇಂಡಿಯನ್ನರ ಹೆಸರುಗಳನ್ನು ಬರೆದಿಲ್ಲ.