ಲೇಕರ್ಸ್ ತಂಡದ ಸರ್ವಶ್ರೇಷ್ಠ ಆಟಗಾರ ಯಾರು? ಮುಗಿಯದ ವಾದದ ವಿಜ್ಞಾನ

ಲಾಸ್ ಏಂಜಲೀಸ್‌ನಲ್ಲಿ ರಾತ್ರಿ ನಡೆಯುವ ಬಾಸ್ಕೆಟ್‌ಬಾಲ್ ಪಂದ್ಯ ಕಲಬುರಗಿಯವರ ಮೊಬೈಲಿಗೆ ಬರುವಾಗ ಇಲ್ಲಿ ಮರುದಿನದ ನಾಷ್ಟಾದ ಹೊತ್ತು. ಅದೇ ಸಂಜೆ ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಆಸುಪಾಸಿನ ಚಹಾ ಅಂಗಡಿಗಳಲ್ಲಿ, ಲಾಸ್ ಏಂಜಲೀಸ್‌ನ ತಂಡವಾದ ಲೇಕರ್ಸ್‌ನ ಅಭಿಮಾನಿಗಳು ನಾಲ್ವರು ಕೂಡಿದರೆ ಸಾಕು, ಆ ದಿನದ ಪಂದ್ಯ ಬದಿಗೆ ಸರಿದು, ತಂಡದ ಇತಿಹಾಸದಲ್ಲೇ ಶ್ರೇಷ್ಠ ಯಾರು ಎಂಬ ಹಳೆಯ ಪ್ರಶ್ನೆ ಏಳುತ್ತದೆ. ಕಾಲೇಜು ಹುಡುಗನೊಬ್ಬ ಲೆಬ್ರಾನ್ ಜೇಮ್ಸ್ ಹೆಸರು ಹೇಳಿದರೆ, ನಲವತ್ತು ದಾಟಿದವರೊಬ್ಬರು "ತಮ್ಮಾ, ಕೋಬಿ ಆಡಿದ್ದು ನೀ ನೋಡೇ ಇಲ್ಲ" ಎಂದು ಬಾಯಿ ಮುಚ್ಚಿಸುತ್ತಾರೆ. "ನೀವು ಮ್ಯಾಜಿಕ್ ಜಾನ್ಸನ್ ಆಟ ಎಲ್ಲಿ ನೋಡೀರಿ ಕಾಕಾ?" ಎಂಬ ಮರುಪ್ರಶ್ನೆಯೂ ತಡವಿಲ್ಲದೆ ಬರುತ್ತದೆ. ಇದನ್ನು ಹಟಮಾರಿತನವೆಂದು ತಳ್ಳಿಹಾಕುವುದು ಸುಲಭ. ಆದರೆ ಈ ವಾದ ಮುಗಿಯದಿರುವುದಕ್ಕೆ ಅಭಿಮಾನಿಗಳ ಸ್ವಭಾವಕ್ಕಿಂತ ಗಟ್ಟಿಯಾದ ಕಾರಣಗಳಿವೆ.

ಮೊದಲನೆಯದು ವಯಸ್ಸು; ಆಟಗಾರನದಲ್ಲ, ನೋಡುಗನದು. ಮನುಷ್ಯರು ತಮ್ಮ ಬದುಕನ್ನು ನೆನೆಯುವಾಗ ಹದಿಹರೆಯದಿಂದ ಯೌವನದ ಆರಂಭದವರೆಗಿನ ಘಟನೆಗಳನ್ನು ಹಿಂದುಮುಂದಿನ ವರ್ಷಗಳ ಘಟನೆಗಳಿಗಿಂತ ಹೆಚ್ಚಾಗಿ ನೆನಪಿಸಿಕೊಳ್ಳುತ್ತಾರೆ ಎಂಬುದನ್ನು ಮನೋವಿಜ್ಞಾನಿಗಳು ಬಹುಕಾಲದಿಂದ ಬಲ್ಲರು. ಇದು ಸ್ವಂತ ಬದುಕಿನ ನೆನಪುಗಳಿಗಷ್ಟೇ ಸೀಮಿತವೇ ಎಂದು ಪರೀಕ್ಷಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ನೆದರ್‌ಲೆಂಡ್ಸ್‌ನ 619 ಮಂದಿಗೆ ಸಾರ್ವಕಾಲಿಕ ಶ್ರೇಷ್ಠ ಫುಟ್‌ಬಾಲ್ ಆಟಗಾರರು ಐವರನ್ನು ಹೆಸರಿಸುವಂತೆ ಕೇಳಲಾಯಿತು. ಯೋಹಾನ್ ಕ್ರೈಫ್, ಪೆಲೆ, ಮರಡೋನಾ ಹೆಸರುಗಳು ಮುಂದಿದ್ದುದರಲ್ಲಿ ಆಶ್ಚರ್ಯವಿಲ್ಲ. ಕುತೂಹಲದ ಸಂಗತಿ ಬೇರೆಯದು. ಉತ್ತರಿಸಿದವರು ತಾವು ಹದಿಹರೆಯದಲ್ಲಿದ್ದಾಗ ವೃತ್ತಿಜೀವನದ ನಡುಘಟ್ಟದಲ್ಲಿದ್ದ ಆಟಗಾರರನ್ನೇ ಹೆಚ್ಚಾಗಿ ಆರಿಸಿದ್ದರು. ಅತಿ ಹೆಚ್ಚು ಆಯ್ಕೆಗಳು ಬಿದ್ದದ್ದು ಹದಿನೇಳನೆಯ ವಯಸ್ಸಿಗೆ.

ಫುಟ್‌ಬಾಲಿನ ಈ ಫಲಿತಾಂಶವನ್ನು ಬಾಸ್ಕೆಟ್‌ಬಾಲಿಗೆ ಹಾಗೆಯೇ ಹೊರಿಸಲಾಗದು. ಆದರೂ ಚಹಾ ಅಂಗಡಿಯ ಜಗಳ ಇದರಿಂದ ಬಹುಮಟ್ಟಿಗೆ ಅರ್ಥವಾಗುತ್ತದೆ ಎಂದೇ ನನಗೆ ತೋರುತ್ತದೆ. ಕೋಬಿ ಬ್ರಯಂಟ್ ಮತ್ತು ಶಕೀಲ್ ಓನೀಲ್ ಜೊತೆಯಾಗಿ ತಂಡಕ್ಕೆ 2000, 2001, 2002ರಲ್ಲಿ ಸತತ ಮೂರು ಪ್ರಶಸ್ತಿ ತಂದಾಗ ಹದಿನೇಳರ ಆಚೀಚೆ ಇದ್ದವರು ಇಂದು ನಲವತ್ತರ ಗಡಿಯಲ್ಲಿದ್ದಾರೆ. ಲೆಬ್ರಾನ್ ಇದ್ದ ತಂಡ ಗೆದ್ದದ್ದು 2020ರಲ್ಲಿ, ಇಂದಿನ ಕಾಲೇಜು ಹುಡುಗರು ಇನ್ನೂ ಶಾಲೆಯಲ್ಲಿದ್ದಾಗ. 1989ರಲ್ಲಿ ನಿವೃತ್ತರಾದ ಕರೀಮ್ ಅಬ್ದುಲ್ ಜಬ್ಬಾರ್ ಅವರ ಪರವಾಗಿ ಇಲ್ಲಿ ಗಂಟಲು ಹರಿದುಕೊಳ್ಳುವವರು ಕಡಿಮೆ. ವೃತ್ತಿಜೀವನದ ಒಟ್ಟು 38,387 ಅಂಕಗಳ ಅವರ ದಾಖಲೆ 2023ರ ಫೆಬ್ರುವರಿಯವರೆಗೂ ಅಳಿಯದೆ ಉಳಿದಿತ್ತಾದರೂ, ಅಂಕಿಗೆ ಯಾರ ಹದಿನೇಳನೆಯ ವರ್ಷದ ನೆನಪೂ ಅಂಟಿಕೊಂಡಿರುವುದಿಲ್ಲ.

ಹಾಗಾದರೆ ನೆನಪನ್ನು ಬಿಟ್ಟು ಅಂಕಿಯನ್ನೇ ನಂಬಬಹುದಲ್ಲವೇ? ಅಲ್ಲಿಯೂ ಎಚ್ಚರ ಬೇಕು. ವಿಲ್ಟ್ ಚೇಂಬರ್ಲಿನ್ 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದರು. ಆಗ ಅವರಿನ್ನೂ ಫಿಲಡೆಲ್ಫಿಯಾ ವಾರಿಯರ್ಸ್ ತಂಡದಲ್ಲಿದ್ದರು, ಲೇಕರ್ಸ್ ಸೇರಿದ್ದು 1968ರಲ್ಲಿ. ಬೇರೆ ತಂಡದಲ್ಲಿ ಮಾಡಿದ ಸಾಧನೆಯನ್ನು ಈ ತಂಡದ ಲೆಕ್ಕಕ್ಕೆ ಹಿಡಿಯಬೇಕೇ ಎಂಬುದು ಇನ್ನೊಂದು ಜಗಳ; ಅದು ಸದ್ಯಕ್ಕೆ ಇರಲಿ. ಕೋಬಿ 2006ರ ಜನವರಿ 22ರಂದು ಟೊರಾಂಟೊ ವಿರುದ್ಧ 81 ಅಂಕ ಗಳಿಸಿದರು. ನೂರು ಎಂಬತ್ತೊಂದಕ್ಕಿಂತ ದೊಡ್ಡದು, ನಿಜ. ಆದರೆ 1961-62ರ ಋತುವಿನಲ್ಲಿ ತಂಡಗಳು ಓಡೋಡಿ ಬಂದು ಪಂದ್ಯವೊಂದಕ್ಕೆ ನೂರಕ್ಕೂ ಹೆಚ್ಚು ಬಾರಿ ಬುಟ್ಟಿಗೆ ಚೆಂಡೆಸೆಯುತ್ತಿದ್ದವು; 2005-06ರ ಹೊತ್ತಿಗೆ ಆಟ ನಿಧಾನವಾಗಿ, ಎಸೆತಗಳು ಎಂಬತ್ತರ ಆಸುಪಾಸಿಗೆ ಇಳಿದಿದ್ದವು. ಒಂದು ತಂಡದ ಸರಾಸರಿ ಗಳಿಕೆ ಮೊದಲ ಋತುವಿನಲ್ಲಿ 118.8 ಅಂಕವಾದರೆ ಎರಡನೆಯದರಲ್ಲಿ 97. ಒಳ್ಳೆಯ ಮಳೆಯಾದ ವರ್ಷದ ತೊಗರಿ ಇಳುವರಿಯನ್ನು ಬರಗಾಲದ ವರ್ಷದ ಇಳುವರಿಯೊಂದಿಗೆ ನಮ್ಮ ರೈತರು ನೇರವಾಗಿ ಹೋಲಿಸುವುದಿಲ್ಲ. ಆ ವರ್ಷ ಸುತ್ತಲಿನ ಹೊಲಗಳಲ್ಲಿ ಎಷ್ಟು ಬಂತೆಂದು ಮೊದಲು ಕೇಳುತ್ತಾರೆ. ಇಲ್ಲಿಯೂ ಹಾಗೆ ಕೇಳಿದರೆ, ಚೇಂಬರ್ಲಿನ್ ಒಬ್ಬರೇ ಗಳಿಸಿದ್ದು ಅಂದಿನ ಇಡೀ ತಂಡವೊಂದರ ಸರಾಸರಿಯ ಶೇ. 84ರಷ್ಟು, ಕೋಬಿ ಗಳಿಸಿದ್ದು ಶೇ. 83.5ರಷ್ಟು. ಹತ್ತೊಂಬತ್ತು ಅಂಕಗಳ ಅಂತರ ಹೆಚ್ಚುಕಡಿಮೆ ಮಾಯವಾಗುತ್ತದೆ.

ಆ ಪಂದ್ಯದಲ್ಲಿ ಸ್ವಂತ ತಂಡ ಗಳಿಸಿದ ಅಂಕಗಳಲ್ಲಿ ಪಾಲೆಷ್ಟು ಎಂದು ನೋಡಿದರೆ ಕೋಬಿಯೇ ಮುಂದೆ: 122ರಲ್ಲಿ 81 ಎಂದರೆ ಶೇ. 66, ಚೇಂಬರ್ಲಿನ್ ಅವರದು 169ರಲ್ಲಿ 100, ಅಂದರೆ ಶೇ. 59. ಆದರೆ ಈ ಅಳತೆಯನ್ನೂ ಪೂರ್ತಿ ನಂಬಲಾಗದು. ಲೇಕರ್ಸ್ ಇನ್ನೂ ಮಿನಿಯಾಪೊಲಿಸ್ ನಗರದಲ್ಲಿದ್ದ ಕಾಲದಲ್ಲಿ, 1950ರ ನವೆಂಬರ್ 22ರಂದು, ಫೋರ್ಟ್ ವೇಯ್ನ್ ತಂಡದವರು ಲೇಕರ್ಸ್ ಆಟಗಾರ ಜಾರ್ಜ್ ಮೈಕನ್ ಅವರ ಕೈಗೆ ಚೆಂಡು ಸಿಗದಂತೆ ಅದನ್ನು ಹಿಡಿದುಕೊಂಡೇ ಕಾಲ ಕಳೆದರು. ಲೇಕರ್ಸ್ 18-19ರಿಂದ ಸೋತರು. ಆ ಹದಿನೆಂಟರಲ್ಲಿ ಹದಿನೈದು ಮೈಕನ್ ಅವರವು. ಶೇ. 83ರ ಪಾಲು! ಇಂತಹ ಬೇಸರದ ಆಟಕ್ಕೆ ಕಡಿವಾಣ ಹಾಕಲೆಂದೇ 1954ರಲ್ಲಿ 24 ಸೆಕೆಂಡುಗಳೊಳಗೆ ಚೆಂಡೆಸೆಯಬೇಕೆಂಬ ನಿಯಮ ಬಂತು. ಮೂರಂಕದ ಗೆರೆ, ಅಂದರೆ ಆಚೆಯಿಂದ ಎಸೆದು ಗುರಿ ಮುಟ್ಟಿಸಿದರೆ ಎರಡರ ಬದಲು ಮೂರು ಅಂಕ ಸಿಗುವ ಗೆರೆ, ಬಂದದ್ದು 1979-80ರಲ್ಲಿ. ಕೋಬಿ 81 ಅಂಕ ಗಳಿಸಿದ ದಿನ ಅದರಾಚೆಯಿಂದ ಏಳು ಬಾರಿ ಗುರಿ ಮುಟ್ಟಿಸಿದ್ದರು.

ಎಣಿಸಿದ್ದನ್ನು ಹೇಗೋ ಸರಿದೂಗಿಸಬಹುದು, ಎಣಿಸದೆ ಬಿಟ್ಟದ್ದಕ್ಕೆ ಮದ್ದಿಲ್ಲ. ಎದುರಾಳಿಯ ಎಸೆತವನ್ನು ಕೈಯಿಂದ ತಡೆಯುವುದು, ಅಂದರೆ ಬ್ಲಾಕ್, ಲೇಕರ್ಸ್ ಆಡುವ ವೃತ್ತಿಪರ ಲೀಗ್ ಆದ ಎನ್‌ಬಿಎಯ ದಾಖಲೆಗೆ ಸೇರಿದ್ದು 1973-74ರ ಋತುವಿನಿಂದ. ಏಳಡಿಗೂ ಮೀರಿದ ಎತ್ತರದ ಚೇಂಬರ್ಲಿನ್ ಆಡಿದ ಕೊನೆಯ ಋತು ಅದರ ಹಿಂದಿನದು. ಅವರ ಜಾಗಕ್ಕೆ ಬಂದ ಎಲ್ಮೋರ್ ಸ್ಮಿತ್ 1973ರ ಅಕ್ಟೋಬರ್ 28ರಂದು ಒಂದೇ ಪಂದ್ಯದಲ್ಲಿ 17 ಬ್ಲಾಕ್ ಮಾಡಿದರು, ಆ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. ಚೇಂಬರ್ಲಿನ್ ಅದಕ್ಕಿಂತ ಹೆಚ್ಚು ಮಾಡಿದ ದಿನಗಳು ಇದ್ದಿರಬಹುದು, ಇಲ್ಲದಿರಲೂಬಹುದು. ಯಾವ ಸೂತ್ರವೂ ಅದನ್ನು ಹೇಳಲಾರದು.

ನೆನಪಿನ ದೋಷ, ಅಂಕಿಯ ದೋಷ ಎರಡನ್ನೂ ಕಳೆದೆವು ಎಂದೇ ಇಟ್ಟುಕೊಳ್ಳೋಣ. ಆಗಲೂ ಗಣಿತ ಅಡ್ಡ ಬರುತ್ತದೆ. ಮೂವರು ಅಭಿಮಾನಿಗಳಿದ್ದಾರೆ. ಒಬ್ಬರ ಕ್ರಮ ಮ್ಯಾಜಿಕ್, ಕರೀಮ್, ಕೋಬಿ. ಎರಡನೆಯವರದು ಕರೀಮ್, ಕೋಬಿ, ಮ್ಯಾಜಿಕ್. ಮೂರನೆಯವರದು ಕೋಬಿ, ಮ್ಯಾಜಿಕ್, ಕರೀಮ್. ಮತಕ್ಕೆ ಹಾಕಿದರೆ ಎರಡು-ಒಂದರಿಂದ ಮ್ಯಾಜಿಕ್ ಕರೀಮ್‌ಗಿಂತ ಮೇಲು, ಕರೀಮ್ ಕೋಬಿಗಿಂತ ಮೇಲು, ಕೋಬಿ ಮ್ಯಾಜಿಕ್‌ಗಿಂತ ಮೇಲು. ಒಬ್ಬೊಬ್ಬರ ಅಭಿಪ್ರಾಯವೂ ಸುಸಂಗತವಾಗಿದ್ದರೂ ಗುಂಪಿನ ಅಭಿಪ್ರಾಯ ಗಾಣದ ಎತ್ತಾಗುತ್ತದೆ. ಫ್ರಾನ್ಸಿನ ಗಣಿತಜ್ಞ ಕಾಂಡೊರ್ಸೆ ಇದನ್ನು 1785ರಲ್ಲೇ ತೋರಿಸಿದ್ದರು. ಮೂರು ಅಥವಾ ಹೆಚ್ಚು ಆಯ್ಕೆಗಳಿರುವಾಗ, ಕೆಲವು ಸಾಮಾನ್ಯ ನ್ಯಾಯದ ಷರತ್ತುಗಳನ್ನೆಲ್ಲ ಒಟ್ಟಿಗೆ ಪಾಲಿಸುತ್ತಾ ವ್ಯಕ್ತಿಗಳ ಶ್ರೇಯಾಂಕಗಳಿಂದ ಗುಂಪಿನ ಶ್ರೇಯಾಂಕವನ್ನು ಕಟ್ಟುವ ವಿಧಾನವೇ ಇಲ್ಲವೆಂದು ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ 1951ರ ಹೊತ್ತಿಗೆ ಸಾಧಿಸಿದರು.

ಇದಕ್ಕೊಂದು ತುಂಟ ಪರಿಣಾಮವೂ ಇದೆ. ಮೊದಲು ಮ್ಯಾಜಿಕ್ ಮತ್ತು ಕರೀಮ್ ಅವರನ್ನು ಹೋಲಿಸಿ, ಗೆದ್ದವರನ್ನು ಕೋಬಿಯ ಎದುರು ನಿಲ್ಲಿಸಿದರೆ ಕೊನೆಗೆ ಗೆಲ್ಲುವುದು ಕೋಬಿ. ಕರೀಮ್ ಮತ್ತು ಕೋಬಿಯಿಂದ ಆರಂಭಿಸಿದರೆ ಮ್ಯಾಜಿಕ್. ಕೋಬಿ ಮತ್ತು ಮ್ಯಾಜಿಕ್ ಅವರಿಂದ ಆರಂಭಿಸಿದರೆ ಕರೀಮ್. ತನ್ನ ಆಟಗಾರನೇ ಗೆಲ್ಲಬೇಕೆನ್ನುವವನು ಉಳಿದಿಬ್ಬರ ಹೋಲಿಕೆಯನ್ನು ಮೊದಲು ಎತ್ತಿ, ಅದು ಮುಗಿಯುವವರೆಗೆ ಸುಮ್ಮನೆ ಚಹಾ ಕುಡಿಯುತ್ತಾ ಕುಳಿತರಾಯಿತು.