ರಕ್ಷಣಾ ಬಜೆಟ್‌ಗೆ ಲೋಕಸಭೆಯ ಒಪ್ಪಿಗೆ ಸಿಗುವುದು ಹೇಗೆ?

ಫೆಬ್ರವರಿ 1ರಂದು ಹಣಕಾಸು ಸಚಿವರು ಘೋಷಿಸಿದ ಕೂಡಲೇ ಸೇನೆಗೆ ಹಣ ಸಿಕ್ಕಿತು ಎಂದು ನಾನು ಬಹಳ ದಿನ ತಿಳಿದಿದ್ದೆ. ಅದು ಬರೀ ಅಂದಾಜು. ಸಂವಿಧಾನದ 114ನೇ ವಿಧಿಯಂತೆ ಧನವಿನಿಯೋಗ ಕಾಯ್ದೆ (ಹಣ ತೆಗೆಯಲು ಸಂಸತ್ತು ಕೊಡುವ ಅನುಮತಿ) ಆಗದ ಹೊರತು ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಮುಖ್ಯ ಖಜಾನೆಯಿಂದ, ಒಂದು ಪೈಸೆಯನ್ನೂ ತೆಗೆಯುವಂತಿಲ್ಲ.

2025-26ರಲ್ಲಿ ರಕ್ಷಣೆಗೆಂದು ಇಟ್ಟದ್ದು ಸುಮಾರು 6.81 ಲಕ್ಷ ಕೋಟಿ ರೂಪಾಯಿ. ಇದು ಲೋಕಸಭೆಗೆ ಒಂದೇ ಗಂಟಾಗಿ ಬರುವುದಿಲ್ಲ, ನಾಲ್ಕು ಅನುದಾನ ಬೇಡಿಕೆಗಳಾಗಿ (ಇಂಥ ಖರ್ಚಿಗೆ ಇಷ್ಟು ಹಣ ಕೊಡಿ ಎಂದು ಸದನದ ಮುಂದಿಡುವ ಕೋರಿಕೆ) ಬರುತ್ತದೆ: ಸಚಿವಾಲಯದ ಸಿವಿಲ್ ಖರ್ಚು, ಪಡೆಗಳ ರಾಜಸ್ವ ವೆಚ್ಚ (ಸಂಬಳ, ಇಂಧನ, ದುರಸ್ತಿ), ಬಂಡವಾಳ ವೆಚ್ಚ (ವಿಮಾನ, ಹಡಗು, ಫಿರಂಗಿ), ಪಿಂಚಣಿ. ಇವುಗಳಲ್ಲಿ ಬಂಡವಾಳಕ್ಕೆ 1.80 ಲಕ್ಷ ಕೋಟಿ, ಪಿಂಚಣಿಗೆ ಸುಮಾರು 1.60 ಲಕ್ಷ ಕೋಟಿ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದಿಟ್ಟುಕೊಳ್ಳಿ: ಹೊಸ ಆಯುಧಗಳಿಗೆ ಇಟ್ಟ ಹಣಕ್ಕೆ ಪಿಂಚಣಿಯ ಹಣ ಹತ್ತಿರವೇ ಇದೆ. ಸೇನೆಯ ಆಧುನೀಕರಣದ ಚರ್ಚೆಯೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

ಬೇಡಿಕೆಗಳು ಮೊದಲು ರಕ್ಷಣಾ ಸ್ಥಾಯಿ ಸಮಿತಿಗೆ ಹೋಗುತ್ತವೆ. ಅದರಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. ಅಧಿಕಾರಿಗಳನ್ನು ಕೂರಿಸಿಕೊಂಡು ಬಾಗಿಲು ಮುಚ್ಚಿ ಪ್ರಶ್ನಿಸುವುದರಿಂದ ನಿಜವಾದ ಪರಿಶೀಲನೆ ನಡೆಯುವುದು ಇಲ್ಲೇ. ಆದರೆ ಅದರ ಶಿಫಾರಸು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ.

ಮತ ಹಾಕುವ ಅಧಿಕಾರ ಲೋಕಸಭೆಗೆ ಮಾತ್ರ. 113ನೇ ವಿಧಿಯ ಪ್ರಕಾರ ಸದನ ಬೇಡಿಕೆಯನ್ನು ಒಪ್ಪಬಹುದು, ನಿರಾಕರಿಸಬಹುದು, ಕಡಿತ ಮಾಡಬಹುದು, ಹೆಚ್ಚಿಸುವಂತಿಲ್ಲ. ಪರೀಕ್ಷೆಯಲ್ಲಿ ನಾವು ಎಡವುವುದು ಇಲ್ಲೇ. ಅಮೆರಿಕದ ಕಾಂಗ್ರೆಸ್ ಅಧ್ಯಕ್ಷರು ಕೇಳಿದ್ದಕ್ಕಿಂತ ಹೆಚ್ಚು ಕೊಡಬಲ್ಲದು. ಅಲ್ಲಿ 1961ರಿಂದ ಪ್ರತಿವರ್ಷ ರಕ್ಷಣೆಗೆಂದೇ ಪ್ರತ್ಯೇಕ ಅಧಿಕಾರ ಕಾಯ್ದೆ (ಯಾವ ಕೆಲಸಕ್ಕೆ ಎಷ್ಟು ಖರ್ಚು ಮಾಡಬಹುದೆಂದು ಒಪ್ಪಿಗೆ ಕೊಡುವ ಕಾಯ್ದೆ) ಆಗುತ್ತದೆ, ಹಣ ಬಿಡುವ ಕಾಯ್ದೆ ಬೇರೆ. ನಮ್ಮಲ್ಲಿ ಎಲ್ಲ ಸಚಿವಾಲಯಗಳ ಹಣವೂ ಒಂದೇ ಧನವಿನಿಯೋಗ ವಿಧೇಯಕದಲ್ಲಿ ಸಾಗುತ್ತದೆ. ರಾಜ್ಯಸಭೆ ಅದನ್ನು 14 ದಿನಗಳೊಳಗೆ ಹಿಂದಿರುಗಿಸಬೇಕು.

ಚರ್ಚೆಗೆ ಇಟ್ಟ ದಿನಗಳು ಮುಗಿದರೆ ಉಳಿದ ಬೇಡಿಕೆಗಳನ್ನೆಲ್ಲ ಸ್ಪೀಕರ್ ಒಟ್ಟಿಗೆ ಮತಕ್ಕೆ ಹಾಕುತ್ತಾರೆ. ಇದೇ ಗಿಲೋಟಿನ್. 2023ರ ಮಾರ್ಚ್ 23ರಂದು ಗದ್ದಲದ ನಡುವೆ ಸುಮಾರು 45 ಲಕ್ಷ ಕೋಟಿಯ ಇಡೀ ಬಜೆಟ್‌ನ ಬೇಡಿಕೆಗಳು ಚರ್ಚೆಯೇ ಇಲ್ಲದೆ ಹೀಗೆ ಅಂಗೀಕಾರವಾದವು. ಗಡಿಯಲ್ಲಿ ನಿಂತವರ ಹಣದ ಬಗ್ಗೆ ಸದನದಲ್ಲಿ ಒಂದು ಮಾತೂ ಬಾರದಿದ್ದದ್ದು ನನಗೆ ನೋವಿನ ಸಂಗತಿ.

ಇನ್ನೊಂದು ತೊಡಕು ‘ವಾರ್ಷಿಕ’ ಎಂಬ ಪದದಲ್ಲಿದೆ. ಮಾರ್ಚ್ 31ಕ್ಕೆ ಖರ್ಚಾಗದ ಹಣ ರದ್ದಾಗುತ್ತದೆ. ಹಡಗು ಕಟ್ಟಲು ಮಾತ್ರ ವರ್ಷಗಳೇ ಬೇಕು. ಅದಕ್ಕೇ ಕೇಂದ್ರ-ರಾಜ್ಯಗಳ ನಡುವೆ ತೆರಿಗೆ ಹಂಚಿಕೆ ಸೂಚಿಸುವ 15ನೇ ಹಣಕಾಸು ಆಯೋಗ, ವರ್ಷ ಮುಗಿದರೂ ರದ್ದಾಗದ, ರಕ್ಷಣೆ ಮತ್ತು ಆಂತರಿಕ ಭದ್ರತೆಯ ಆಧುನೀಕರಣಕ್ಕೆ ಮೀಸಲಾದ ನಿಧಿಯೊಂದನ್ನು ಸೂಚಿಸಿತು. 2021-26ರ ಐದು ವರ್ಷಗಳಿಗೆ ಅದು ಹಾಕಿದ ಅಂದಾಜು 2,38,354 ಕೋಟಿ ರೂಪಾಯಿ.